ಹಕಾರವಿಲ್ಲದ ಮಧ್ಯಾಹ್ನ

ಮೂವತ್ತೆರಡು ಉತ್ತರಪತ್ರಿಕೆಗಳು ಹೆಡ್ ಮೇಡಂ ಅವರ ಮೇಜಿನ ಮೇಲೆ ಹರಡಿಕೊಂಡಿದ್ದವು. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಅವುಗಳ ತುದಿ ಒಟ್ಟಿಗೇ ಏಳುತ್ತಿತ್ತು, ಒಟ್ಟಿಗೇ ಬೀಳುತ್ತಿತ್ತು. ಅವನು ಕೂತಿರಲಿಲ್ಲ. ಕೂತುಕೊಳ್ಳಿ ಎಂದು ಮೇಡಂ ಎರಡು ಸಲ ಹೇಳಿದ್ದರು, ಎರಡು ಸಲವೂ ಅವನು ಇರಲಿ ಎಂದಿದ್ದ. ಬೆಳಗಿನ ಪಾಳಿ ಆಗಷ್ಟೇ ಬಿಟ್ಟಿತ್ತು. ಊರಿನ ಮಕ್ಕಳು ಗೇಟಿನಾಚೆ ಚದುರುವ ಗಲಾಟೆ ಪೂರ್ತಿ ಅಡಗಿದ ಮೇಲೆಯೇ ನಿರಾಶ್ರಿತರ ಶಿಬಿರದ ಮಕ್ಕಳು ಒಳಗೆ ಬರಬೇಕು. ನಡುವೆ ಇಪ್ಪತ್ತು ನಿಮಿಷ ಶಾಲೆ ಖಾಲಿ ಇರಬೇಕು ಎಂದು ಊರಿನ ಪೋಷಕರ ಸಂಘ ಹಟ ಹಿಡಿದು ನಿಯಮ ಮಾಡಿಸಿತ್ತು. ಒಂದೇ ಬೆಂಚಿನಲ್ಲಿ ಕೂರುವವರು ಒಬ್ಬರ ಮುಖ ಒಬ್ಬರು ನೋಡಬಾರದು. ಈ ಖಾಲಿ ಇಪ್ಪತ್ತು ನಿಮಿಷ ಅವನಿಗೆ ಇಷ್ಟದ ಹೊತ್ತಾಗಿತ್ತು. ಇವತ್ತು ಅದು ಸಾಕಾಗುವುದಿಲ್ಲ ಎನಿಸಿತು.

"ನಂಗೂ ನಂಬೋಕಾಗ್ತಿಲ್ಲ ಮೇಷ್ಟ್ರೇ," ಎಂದರು ಮೇಡಂ. "ಇಪ್ಪತ್ತು ಪದದ ಉಕ್ತಲೇಖನ, ಹನ್ನೆರಡು ತಪ್ಪು. ತಪ್ಪಾಗ್ಲಿ, ಮಕ್ಕಳು. ಆದ್ರೆ ಮೂವತ್ತೆರಡು ಜನಾನೂ ಅದೇ ಹನ್ನೆರಡು ಪದ, ಅದೇ ಅಕ್ಷರ ತಪ್ಪಿದ್ದಾರೆ. ಇನ್‌ಸ್ಪೆಕ್ಟರ್ ಸಾಹೇಬ್ರು ಎರಡು ಗಂಟೆಗೆ ಬರ್ತಿದ್ದಾರೆ. ಸಾಮೂಹಿಕ ನಕಲು ಅಂತ ಬರೆದ್ರೆ ಮುಗೀತು, ಎರಡು ವರ್ಷ ಇವರು ಪರೀಕ್ಷೆ ಕಟ್ಟೋ ಹಾಗಿಲ್ಲ."

ಎರಡು ವರ್ಷ. ಪಾಸಾದರೆ ಬರುವ ತಿಂಗಳಿಂದಲೇ ಅವರು ಬೆಳಗಿನ ತರಗತಿಯಲ್ಲಿ, ಊರಿನ ಮಕ್ಕಳ ಪಕ್ಕದಲ್ಲಿ ಕೂರಬಹುದಿತ್ತು. ಇಲ್ಲದಿದ್ದರೆ ಹನ್ನೆರಡು ವರ್ಷದವರಿಗೆ ಹದಿನಾಲ್ಕಾಗುತ್ತದೆ, ಹದಿನಾಲ್ಕಾದವರು ಶಾಲೆಯ ಕಡೆ ತಲೆ ಹಾಕುವುದಿಲ್ಲ, ಶಿಬಿರದ ಹಿಂದಿನ ಇಟ್ಟಿಗೆ ಗೂಡಿಗೆ ಹೋಗುತ್ತಾರೆ. ಅವನು ಮೇಲಿನ ಪತ್ರಿಕೆಯನ್ನು ಕೈಗೆತ್ತಿಕೊಂಡ. ಹಗ್ಗ ಇರಬೇಕಾದಲ್ಲಿ ಅಗ್ಗ. ಹೂವು ಇರಬೇಕಾದಲ್ಲಿ ಊವು. ಹಕ್ಕಿ ಅಕ್ಕಿಯಾಗಿತ್ತು, ಹಸಿವು ಅಸಿವಾಗಿತ್ತು, ಹೆಸರು ಎಸರಾಗಿ ಒಲೆಯ ಮೇಲೆ ಕುದಿಯುತ್ತಿತ್ತು. ಮೇಡಂ ಹೇಳುವ ಮೊದಲೇ, ಬಾಗಿಲ ಹತ್ತಿರದಿಂದಲೇ ಅವನಿಗೆ ಗೊತ್ತಾಗಿತ್ತು. ಈ ಮಕ್ಕಳು ಯಾರನ್ನೂ ನೋಡಿ ಬರೆದಿಲ್ಲ, ಅವನ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದಾರೆ. ಮೂವತ್ತೆರಡು ಮಕ್ಕಳ ಕೈಬರಹದಲ್ಲಿ ಅವನ ಅಮ್ಮ ಮಾತಾಡುತ್ತಿದ್ದಳು.

ಅವನು ಹುಟ್ಟಿದ ಓಣಿಯೊಳಗೆ ಹಕಾರಕ್ಕೆ ಪ್ರವೇಶವಿರಲಿಲ್ಲ. ಆಲು ಕುಡಿ, ಒರಗೆ ಓಗ್ಬೇಡ, ಅಟ ಮಾಡ್ಬೇಡ — ಅಮ್ಮನ ಮಾತೆಲ್ಲ ಹೀಗೇ ಇತ್ತು, ಅಕ್ಕಪಕ್ಕದವರದ್ದೂ ಹೀಗೇ ಇತ್ತು, ಅದರಲ್ಲೇನೋ ಕಡಿಮೆಯಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ದೊಡ್ಡ ಶಾಲೆಗೆ ಸೇರಿದ ಮೊದಲ ವಾರ ಅಲ್ಲಿನ ಮೇಷ್ಟರು ಅವನನ್ನು ನಿಲ್ಲಿಸಿ, ಅವನ ಬಾಯಿಯ ಮುಂದೆ ಒಂದು ತೆಳು ಚೀಟಿ ಹಿಡಿದು, ಹಾಡು ಅನ್ನೋ, ಚೀಟಿ ಅಲುಗಬೇಕು ಎಂದಿದ್ದರು. ಆಡು ಎಂದ. ಚೀಟಿ ಅಲುಗಲಿಲ್ಲ. ಆಡು ಎಂದರೆ ಏನೋ? ಮೇಕೆ ಸಾರ್. ಹಾಗಾದರೆ ಮೇಕೆ ಹೇಗೆ ಕೂಗುತ್ತೆ, ಕೂಗು. ಇಡೀ ತರಗತಿಯ ಮುಂದೆ ಕೂಗಿದ್ದ. ಅವತ್ತಿನಿಂದ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಉಸಿರು ತಾಗಿಸಿಕೊಂಡು ಅಭ್ಯಾಸ ಮಾಡಿದ್ದು ಎಷ್ಟು ವರ್ಷವೋ. ಈಗಲೂ ನಾಲ್ಕು ಜನರ ನಡುವೆ ಮಾತಾಡುವಾಗ ಕೈ ತಾನಾಗಿಯೇ ಬಾಯಿಯ ಹತ್ತಿರ ಹೋಗುತ್ತದೆ; ನೋಡಿದವರು ಕೆಮ್ಮು ಅಂದುಕೊಳ್ಳುತ್ತಾರೆ. ಹೆಂಡತಿಗೂ ಗೊತ್ತಿಲ್ಲ. ಮಗಳು ಮಾತ್ರ ಒಮ್ಮೆ, ಅಪ್ಪಾ ನೀನು ನಿದ್ದೆಯಲ್ಲಿ ಬೇರೆ ಯಾರೋ ಥರ ಮಾತಾಡ್ತೀಯ ಎಂದಿದ್ದಳು, ಅವನು ಎರಡು ದಿನ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದ. ತೀರಾ ಎಚ್ಚರವಾಗಿದ್ದಾಗ ಇನ್ನೊಂದು ಫಜೀತಿ: ಬೇಡದ ಕಡೆಯೂ ಹಕಾರ ಬಂದು ಕೂತುಬಿಡುತ್ತಿತ್ತು.

"ಇದೊಂದು ನೋಡಿ," ಮೇಡಂ ಒಂದು ಪದದ ಮೇಲೆ ಬೆರಳಿಟ್ಟರು. "ಆನೆಗೆ ಹಾನೆ ಅಂತ ಬರೆದಿದ್ದಾರೆ. ಎಲ್ಲರೂ! ಆನೆಗೆ ಹಕಾರ ಹಾಕ್ಬೇಕು ಅಂತ ಮೂವತ್ತೆರಡು ತಲೆಗೂ ತಾನಾಗೇ ಹೊಳೆಯುತ್ತಾ? ಸಾಹೇಬ್ರು ಇದನ್ನೇ ಹಿಡ್ಕೊಳ್ತಾರೆ."

ಅವನಿಗೆ ನಗು ಬಂತು. ಪರೀಕ್ಷೆಯ ದಿನ ಹನ್ನೊಂದು ಪದ ಓದಿ ಹನ್ನೆರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಇದೇ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು. ನಾಲಿಗೆ ಥಟ್ಟನೆ ಸೆಟೆದುಕೊಂಡಿತ್ತು. ಹಾನೆ ಎಂದಿದ್ದ. ಅವರು ಒಂದು ನಿಮಿಷವೂ ನಿಲ್ಲದೆ ಹೋಗಿದ್ದರು, ಅವನು ಮತ್ತೆ ಸಡಿಲವಾಗಿದ್ದ. ತಪ್ಪು ಎಂದರೆ ಅದೇ, ಸಡಿಲವಾದದ್ದು. ಬೆಳಿಗ್ಗೆ ಊರಿನ ಮಕ್ಕಳ ಮುಂದೆ ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದ, ತಪ್ಪಿದರೆ ಅವು ನಗುತ್ತವೆ, ಮನೆಗೆ ಹೋಗಿ ಅಣಕಿಸುತ್ತವೆ. ಮಧ್ಯಾಹ್ನದ ಮಕ್ಕಳು ಗಡಿಯಾಚೆಯಿಂದ ಬಂದವರು. ಇಲ್ಲಿನ ಭಾಷೆಯ ಗಂಧ ಗಾಳಿ ಇರಲಿಲ್ಲ, ತಿದ್ದುವವರು ಯಾರೂ ಇರಲಿಲ್ಲ. ಅವರ ಮುಂದೆ ಅವನು ಬೂಟು ಬಿಚ್ಚಿಟ್ಟ ಹಾಗೆ ನಾಲಿಗೆ ಬಿಚ್ಚಿಟ್ಟು ಕೂರುತ್ತಿದ್ದ. ಎಂಥ ಒಳ್ಳೆಯ ಮೇಷ್ಟ್ರು, ಆ ಮಕ್ಕಳೊಂದಿಗೆ ಎಷ್ಟು ಪ್ರೀತಿಯಿಂದ ಇರ್ತಾರೆ ಎಂದು ಶಿಬಿರದವರು ಹೊಗಳುತ್ತಿದ್ದರು. ಪ್ರೀತಿಯೇ ಇರಬಹುದು. ಆದರೆ ಅದರಲ್ಲಿ ಮುಕ್ಕಾಲು ಪಾಲು, ಇವರಿಗೆ ತನ್ನನ್ನು ನೋಡಿ ನಗುವಷ್ಟು ಗೊತ್ತಿಲ್ಲ ಎಂಬ ನೆಮ್ಮದಿಯಾಗಿತ್ತು. ಪುಸ್ತಕ ಬರುತ್ತೆ ಬರುತ್ತೆ ಅನ್ನುತ್ತಲೇ ವರ್ಷ ಕಳೆದಿತ್ತು. ಕರಿಹಲಗೆಯ ಮೇಲೆ ಬೆಳಗಿನ ಪಾಠ ಇರುತ್ತಿತ್ತು, ಅದನ್ನು ಅಳಿಸಬಾರದು ಎಂಬುದೂ ಸಂಘದ ನಿಯಮ. ಹಾಗಾಗಿ ಮಧ್ಯಾಹ್ನದ ಪಾಠವೆಲ್ಲ ಕಿವಿಯಿಂದಲೇ: ಅವನು ಮೇಜನ್ನು ಅಂಗೈಯಿಂದ ಎರಡು ಸಲ ತಟ್ಟಿ ಒಂದು ವಾಕ್ಯ ಹೇಳುವುದು, ಅವರು ಬಗ್ಗಿ ಬರೆದುಕೊಳ್ಳುವುದು. ತಟ್ಟಿದರೆ ಬರೆಯಬೇಕು, ತಟ್ಟದಿದ್ದರೆ ಬರಿ ಕೇಳಬೇಕು. ಅಕ್ಷರಮಾಲೆ ಹೇಳಿಕೊಡುವಾಗ ಹ ಎಂಬುದನ್ನೂ ಸ್ಪಷ್ಟವಾಗಿಯೇ ಹೇಳಿಕೊಟ್ಟಿದ್ದ. ಅಷ್ಟು ಚೆಂದದ ಅಕ್ಷರ ಯಾವ ಮಾತಿನಲ್ಲೂ ಬರುವುದೇ ಇಲ್ಲವಲ್ಲ ಎಂದು ಮಕ್ಕಳಿಗೆ ಸೋಜಿಗವಾಗಿರಬೇಕು.

ಸೋಜಿಗಪಟ್ಟವಳು ಒಬ್ಬಳಿದ್ದಳು. ಅವಳ ನಿಜವಾದ ಹೆಸರು ಗಂಟಲಿನ ಆಳದಿಂದ ಬರುವ ಒಂದು ಹಕಾರದಿಂದ ಶುರುವಾಗುತ್ತಿತ್ತು. ಮೊದಲ ದಿನ ಅವನು ಕರೆದಾಗ ಅರ್ಧ ಹೆಸರೇ ಉದುರಿಹೋಗಿ ಮಕ್ಕಳೆಲ್ಲ ಕಿಸಕ್ಕೆಂದಿದ್ದರು. ಆಮೇಲೆ ಅವನು ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಎಲ್ಲದಕ್ಕೂ ಯಾಕೆ, ಯಾಕೆ ಎಂದು ಕೇಳುತ್ತಿದ್ದಳಾದ್ದರಿಂದ 'ಯಾಕೆ' ಎಂದೇ ಅಡ್ಡಹೆಸರಿಟ್ಟ. ಆರು ತಿಂಗಳ ಹಿಂದೆ ಅವಳು ಕರಿಹಲಗೆಯ ಮೂಲೆಯತ್ತ ಕೈ ತೋರಿಸಿದ್ದಳು. ಅಲ್ಲಿ ಬೆಳಗಿನ ಮಕ್ಕಳಿಗಾಗಿ ಅವನೇ ಬರೆದ 'ತರಗತಿಯ ಮುಖ್ಯಸ್ಥನ ಹೆಸರು' ಎಂಬ ಸಾಲಿತ್ತು. "ಮೇಷ್ಟ್ರೇ, ಅಲ್ಲಿ ಒಂದು ಥರ ಇದೆ. ನೀವು ಬೇರೆ ಥರ ಏಳ್ತೀರ. ಯಾಕೆ?" ಮೈಯೆಲ್ಲ ಬೆಂಕಿ ಹತ್ತಿದ ಹಾಗಾಗಿತ್ತು. ನಾನು ಹೇಳಿದ ಹಾಗೆ ಬರಿ, ಹೆಚ್ಚಿನ ಬುದ್ಧಿವಂತಿಕೆ ಬೇಡ ಎಂದು ಗದರಿಸಿದ್ದ. ಎಷ್ಟು ಜೋರಾಗಿ ಗದರಿಸಿದ್ದನೆಂದರೆ ಕಂದೀಲಿನಂಥ ಅವಳ ಎರಡೂ ಕಣ್ಣುಗಳು ಅಲ್ಲಿಯೇ ಆರಿಹೋದವು. ಅವತ್ತಿನಿಂದ ಅವಳು ಯಾಕೆ ಎಂದು ಕೇಳಲಿಲ್ಲ. ಅಡ್ಡಹೆಸರು ಉಳಿಯಿತು, ಪ್ರಶ್ನೆ ಹೋಯಿತು.

ಅವಳ ಪತ್ರಿಕೆ ಅಡಿಯಲ್ಲಿತ್ತು. ಎಂಟನೆಯ ಪದ: ಮೊದಲು ಹೆಸರು ಎಂದು ಸರಿಯಾಗಿ ಬರೆದು, ಅದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಎಸರು ಎಂದು ಬರೆದಿದ್ದಳು. ಅವನು ಆ ಗೆರೆಯನ್ನೇ ನೋಡುತ್ತ ನಿಂತ. ಆತುರದ ಗೆರೆಯಲ್ಲ. ಹೇಳಿದ ಮಾತು ಕೇಳುವ ಮಗು, ಯೋಚನೆ ಮಾಡಿ ಎಳೆದ ಗೆರೆ.

"ಮೇಡಂ," ಎಂದ, "ಸಾಹೇಬ್ರ ಹತ್ರ ನಾನೇ ಹೇಳ್ತೀನಿ."

"ಏನಂತ ಹೇಳ್ತೀರಿ?"

ಹೇಳುವುದು ಸುಲಭವಿತ್ತು, ಇಲ್ಲಿಯೇ, ಇವರೊಬ್ಬರಿಗೇ. ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಶಿಬಿರದ ಮಕ್ಕಳು ಗೇಟಿನ ಹತ್ತಿರ ಸಾಲಾಗಿ ನಿಂತು ಕಾಯುತ್ತಿದ್ದರು. ತರಬೇತಿ ಮುಗಿದು ಪ್ರಮಾಣಪತ್ರ ಕೊಡುವ ದಿನ ಅಮ್ಮನೂ ಹೀಗೆಯೇ ಸಭಾಂಗಣದ ಹೊರಗೆ ಒಂದು ಗಂಟೆ ಮುಂಚೆ ಬಂದು ನಿಂತಿದ್ದಳು. ಯಾರ ಹತ್ತಿರಾನೂ ಮಾತಾಡಬೇಡ ಎಂದು ಅವನು ಮೊದಲೇ ಹೇಳಿದ್ದ. ಅವಳು ಮಾತಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ತುಟಿ ಬಿಗಿದುಕೊಂಡು, ಕಂಡವರಿಗೆಲ್ಲ ಮುಗುಳ್ನಕ್ಕಳು. ಜೊತೆಯವನೊಬ್ಬ ಹತ್ತಿರ ಬಂದು, ಪಾಪ, ನಿಮ್ಮಮ್ಮಂಗೆ ಮಾತು ಬರಲ್ವಾ ಎಂದು ಕೇಳಿದ. ಅಮ್ಮ ಎರಡು ಮಾರು ದೂರದಲ್ಲಿದ್ದಳು. ಹೌದು ಎಂದ. ಹಕಾರ ಎಷ್ಟು ಸ್ವಚ್ಛವಾಗಿ ಬಂದಿತ್ತೆಂದರೆ ಆ ಹೊತ್ತಿನಲ್ಲೂ ಒಂದು ಕ್ಷಣ ಖುಷಿಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಅವನ ಪ್ರಮಾಣಪತ್ರವನ್ನು ಮಡಿಕೆ ಬೀಳದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವನ ಮದುವೆಗೆ ಮುಂಚೆಯೇ ಸತ್ತಳು. ಒಳ್ಳೆಯದೇ ಆಯಿತು ಎಂದು ಅವನಿಗೆ ಅನ್ನಿಸಿದ್ದುಂಟು. ಹಾಗೆ ಅನ್ನಿಸಿತಲ್ಲ ಎಂಬುದನ್ನು ಯಾರಿಗೂ ಹೇಳಿಲ್ಲ.

ಎರಡು ಗಂಟೆಗೆ ಸರಿಯಾಗಿ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅವರ ಹಿಂದೆ ಬಂದವನನ್ನು ಕಂಡು ಅವನ ಕೈ ಬಾಯಿಯ ಹತ್ತಿರ ಹೋಯಿತು. ಪೋಷಕರ ಸಂಘದ ಅಧ್ಯಕ್ಷ, ಹೆಂಡತಿಯ ತಮ್ಮ. ಕೆಟ್ಟವನಲ್ಲ. ತನ್ನ ಮಗನ ತರಗತಿಯಲ್ಲಿ ಈಗಾಗಲೇ ಐವತ್ತು ಮಕ್ಕಳಿದ್ದಾರೆ, ಇನ್ನೂ ಮೂವತ್ತು ಜನರನ್ನು ಎಲ್ಲಿ ಕೂರಿಸ್ತೀರಿ, ತಲೆ ಮೇಲಾ ಎಂದು ಕೇಳುತ್ತಿದ್ದ. ಕೇಳುವುದರಲ್ಲಿ ನ್ಯಾಯವೂ ಇತ್ತು. ಸಾಹೇಬರು ಪತ್ರಿಕೆಗಳನ್ನು ತಿರುವಿಹಾಕಿ, ಹಾನೆಯ ಹತ್ತಿರ ಒಮ್ಮೆ ನಕ್ಕು, ಗೆರೆ ಎಳೆದ ಪದದ ಹತ್ತಿರ ನಿಂತರು.

"ಸಾಕ್ಷಿ ಇಲ್ಲೇ ಇದೆಯಲ್ಲ. ಈ ಮಗು ಸರಿಯಾಗಿ ಬರೆದು, ಪಕ್ಕದವರನ್ನ ನೋಡಿ ತಪ್ಪು ಮಾಡ್ಕೊಂಡಿದೆ."

"ಅಲ್ಲ ಸಾರ್," ಎಂದ ಅವನು. "ತಪ್ಪು ನನ್ನದು. ನನ್ನ ಉಚ್ಚಾರಣೆ ಸರಿಯಿಲ್ಲ. ಹಕಾರ ನನಗೆ ಬರೋದಿಲ್ಲ. ನಾನು ಹೇಳಿದ ಹಾಗೆಯೇ ಅವರು ಬರೆದಿದ್ದಾರೆ."

ಪ್ರತಿಯೊಂದು ಹಕಾರವೂ ಗಂಟೆ ಬಾರಿಸಿದ ಹಾಗೆ ಬಂತು. ಭಾವಮೈದ ಜೋರಾಗಿ ನಕ್ಕುಬಿಟ್ಟ.

"ಸಾರ್, ನಮ್ಮ ಭಾವನಷ್ಟು ಶುದ್ಧವಾಗಿ ಮಾತಾಡೋರು ಈ ಊರಲ್ಲೇ ಇಲ್ಲ. ಮದುವೆ ಮಾತುಕತೆಗೆ ಬಂದಾಗ ನಮ್ಮಪ್ಪ ಒಪ್ಪಿದ್ದೇ ಇವರ ಮಾತು ಕೇಳಿ. ಆ ಮಕ್ಕಳನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾರೆ. ಭಾವ, ಒಳ್ಳೆತನಕ್ಕೂ ಒಂದು ಮಿತಿ ಬೇಡ್ವಾ?"

ಸಾಹೇಬರು ಸಿಡುಕಲಿಲ್ಲ. ಒಂದು ಚೀಟಿಯ ಮೇಲೆ ಹತ್ತು ಪದ ಬರೆದರು. ಮಕ್ಕಳನ್ನು ಉದ್ದನೆಯ ಜಗಲಿಯಲ್ಲಿ ಒಬ್ಬರಿಗೊಬ್ಬರು ಒಂದೊಂದು ಮಾರು ದೂರವಿರುವಂತೆ ಕೂರಿಸಿ, ತುದಿಗೆ ಅವನ ಮೇಜು ಹಾಕಿಸಿದರು. "ಓದಿ ಮೇಷ್ಟ್ರೇ. ನೀವು ಹೇಳೋದು ನಿಜ ಆದ್ರೆ ಈಗಲೂ ಹಕಾರ ತಪ್ತಾರೆ. ಸರಿಯಾಗಿ ಬರೆದ್ರೆ, ಅವತ್ತು ಒಬ್ಬರನ್ನ ನೋಡಿ ಎಲ್ಲರೂ ಬರೆದ್ರು ಅಂತ ಲೆಕ್ಕ."

ಹಾಗಾದರೆ ಮಾಡಬೇಕಾದ್ದು ಇಷ್ಟೇ. ಹುಟ್ಟಿದ ಹಾಗೆ ಮಾತಾಡಬೇಕು. ಮೊದಲ ಪದ ಹಿತ್ತಲು. ಅವನು ಬಾಯಿ ತೆರೆದ. ಎಡಕ್ಕೆ ಸಾಹೇಬರು, ಬಲಕ್ಕೆ ಮೇಡಂ, ಕಂಬಕ್ಕೆ ಒರಗಿ ಭಾವಮೈದ. ನಾಲಿಗೆ ಮೂವತ್ತು ವರ್ಷದ ಅಭ್ಯಾಸದಂತೆ ಎದ್ದು ನೆಟ್ಟಗೆ ನಿಂತಿತು. "ಹಿತ್ತಲು." ಮಕ್ಕಳು ತಲೆ ಎತ್ತಿದರು. ಮೇಜು ತಟ್ಟಲಿಲ್ಲ, ಧ್ವನಿಯೂ ಅವರ ಮೇಷ್ಟರದ್ದಲ್ಲ. "ಹೂಂ, ಬರೀರಿ ಬರೀರಿ," ಎಂದರು ಸಾಹೇಬರು. ಬರೆದರು. "ಹಗಲು." ಬರೆದರು. "ಹಲ್ಲು." ಬರೆದರು. ಸಾಹೇಬರು ಒಂದು ಹಾಳೆಯ ಮೇಲೆ ಬಗ್ಗಿ ನೋಡಿ ತಲೆಯಾಡಿಸಿದರು. ಮೂರೂ ಸರಿ. ಒಂದೊಂದು ಸರಿ ಪದದಿಂದಲೂ ತಾನು ಒಬ್ಬೊಬ್ಬರನ್ನೇ ಇಟ್ಟಿಗೆ ಗೂಡಿಗೆ ತಳ್ಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ನಾಲ್ಕನೆಯದು ಹಾವು. ಬೇಕೆಂದೇ, ಹಲ್ಲು ಕಚ್ಚಿ, "ಆವು" ಎಂದ. ಹಾಸ್ಯಪಾತ್ರದವನ ಧ್ವನಿಯಂತೆ ಸುಳ್ಳು ಸುಳ್ಳಾಗಿ ಬಂತು. ಮಕ್ಕಳಿಗೂ ತಿಳಿಯಲಿಲ್ಲ, ಪೆನ್ಸಿಲ್ ಎತ್ತಿ ಹಿಡಿದು ಹಾಗೇ ಕೂತರು.

"ಬಿಡಿ ಭಾವ," ಎಂದ ಭಾವಮೈದ, ಈಗ ನಗದೆ. "ನಿಮ್ಗೆ ನಾಟಕ ಬರಲ್ಲ."

ಸಾಹೇಬರು ಕೈ ಎತ್ತಿ ಓದುವುದನ್ನು ನಿಲ್ಲಿಸಿದರು. ಗೆರೆ ಎಳೆದ ಪತ್ರಿಕೆಯನ್ನು ಹಿಡಿದು, ಇದು ಯಾರದ್ದು ಎಂದರು. 'ಯಾಕೆ' ಎದ್ದು ನಿಂತಳು.

"ಸರಿಯಾಗಿ ಬರೆದಿದ್ಯಲ್ಲಮ್ಮ. ಆಮೇಲೆ ಯಾರನ್ನ ನೋಡಿ ಹೊಡೆದೆ?"

"ಯಾರನ್ನೂ ನೋಡಿಲ್ಲ."

"ಮತ್ತೆ ಯಾಕೆ ಹೊಡೆದೆ?"

ಅವಳು ಮೇಷ್ಟರ ಕಡೆ ನೋಡಿದಳು. ದೂರುವ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಹೇಳಲಾ ಬೇಡವಾ ಎಂದು ಅಪ್ಪಣೆ ಕೇಳುವ ನೋಟ. ಅವನು ಗದರಿಸಿದ್ದನ್ನು ಅವಳು ಗುಟ್ಟಿನ ಹಾಗೆ ಆರು ತಿಂಗಳು ಕಾಪಾಡಿಕೊಂಡು ಬಂದಿದ್ದಳು, ಈಗಲೂ ಕಾಪಾಡುತ್ತಿದ್ದಳು. ತುಟಿ ಬಿಗಿದುಕೊಂಡು ಸುಮ್ಮನೆ ನಿಂತಳು. ಆ ಬಿಗಿದ ತುಟಿಯನ್ನು ಅವನು ಮೊದಲು ಕಂಡಿದ್ದ, ಸಭಾಂಗಣದ ಕುರ್ಚಿಯ ತುದಿಯಲ್ಲಿ.

"ಹೇಳಲ್ವಾ? ಸರಿ. ಮೇಡಂ, ರಿಜಿಸ್ಟರ್ ತನ್ನಿ. ಮೊದಲು ಈ ಹುಡುಗಿ ಹೆಸರು ಹೊಡೆದು ಹಾಕಿ. ಬಾಕಿಯವರು ತಾವಾಗೇ ಬಾಯಿ ಬಿಡ್ತಾರೆ."

"ಯಾಕೆ?" ಎಂದಳು ಅವಳು. ಆರು ತಿಂಗಳ ಮೇಲೆ, ಸಣ್ಣ ಧ್ವನಿಯಲ್ಲಿ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಧಪ್ ಧಪ್ ಎಂದು ಸದ್ದು ಕೇಳಿತು. ಮೇಜಿನ ಮೇಲೆ ಎರಡು ಸಲ ಬಡಿದದ್ದು ತನ್ನದೇ ಅಂಗೈ ಎಂದು ಅವನಿಗೆ ಗೊತ್ತಾಗುವ ಮೊದಲೇ ಮಾತು ಹೊರಗೆ ಬಿದ್ದಿತ್ತು.

"ಅವಳ ಎಸರು ಒಡೀಬೇಡಿ! ಅವಳು ಸರ್ಯಾಗೇ ಬರ್ದಿದ್ಲು. ತಪ್ಪು ಏಳ್ಕೊಟ್ಟೋನು ನಾನು!"

ಭಾವಮೈದ ಕಂಬ ಬಿಟ್ಟು ನೆಟ್ಟಗೆ ನಿಂತ. ಆಮೇಲೆ ಸಣ್ಣಗೆ ಒಂದು ಸದ್ದು ಶುರುವಾಯಿತು, ಕಾಗದದ ಮೇಲೆ ಪೆನ್ಸಿಲ್ ಓಡುವ ಸದ್ದು. ಮೇಷ್ಟರು ಎರಡು ಸಲ ಮೇಜು ತಟ್ಟಿದ್ದರು, ತಮ್ಮ ಎಂದಿನ ಧ್ವನಿಯಲ್ಲಿ ಒಂದು ವಾಕ್ಯ ಹೇಳಿದ್ದರು. ಮೂವತ್ತೊಂದು ಮಕ್ಕಳು ಬಗ್ಗಿ ಬರೆಯುತ್ತಿದ್ದರು. ಅಷ್ಟು ಹೊತ್ತಿನ ಗಾಬರಿ ಅವರ ಮುಖದಿಂದ ಹೋಗಿತ್ತು. ಈಗ ಹೇಳಿದ್ದು ಅವರಿಗೆ ಅರ್ಥವಾಗುವ ಭಾಷೆ.

ಸಾಹೇಬರು ಮುಂದಿನ ಸಾಲಿನ ಹಾಳೆಯನ್ನು ಎತ್ತಿಕೊಂಡರು. ಹಿತ್ತಲು, ಹಗಲು, ಹಲ್ಲು. ಅದರ ಕೆಳಗೆ, ಅವಳ ಎಸರು ಒಡೀಬೇಡಿ. ಒಂದು ಮಾರು ದೂರದ ಇನ್ನೊಂದು ಹಾಳೆ. ಅವಳ ಎಸರು ಒಡೀಬೇಡಿ. ಹಿಂದಿನ ಸಾಲು, ಕಂಬದ ಮರೆಯಲ್ಲಿ ಕೂತವನದ್ದು, ಗೋಡೆಯ ಕಡೆ ಮುಖ ಮಾಡಿದವಳದ್ದು. ಕೆಲವರು ಎರಡನೆಯ ವಾಕ್ಯಕ್ಕೂ ಬಂದಿದ್ದರು, ಒಬ್ಬಳು ಏಳ್ಕೊಟ್ಟೋನು ಎಂಬಲ್ಲಿ ಒತ್ತಕ್ಷರಕ್ಕೆ ಸಿಕ್ಕಿಕೊಂಡು ರಬ್ಬರ್ ಹುಡುಕುತ್ತಿದ್ದಳು. ಸಾಹೇಬರು ಜಗಲಿಯ ಆ ತುದಿಯವರೆಗೆ ಹೋದರು, ವಾಪಸು ಬಂದರು, ಪೆನ್ನಿಗೆ ಮುಚ್ಚಳ ಹಾಕಿದರು.

"ನಕಲು ಅಂತ ಬರೆಯೋಕಾಗಲ್ಲ," ಎಂದು ಸಾಹೇಬರು ಮೇಡಂಗೆ ಹೇಳಿದರು. "ಕೇಳಿದ್ದನ್ನ ಕೇಳಿದ ಹಾಗೆ ಬರೆದಿದ್ದಾರೆ. ಪೂರ್ತಿ ಅಂಕ ಕೊಡಿ." ಆಮೇಲೆ ಅವನ ಕಡೆ ತಿರುಗಿದರು. "ಆದ್ರೆ ನಿಮ್ಮ ಬಗ್ಗೆ ಬರೀಲೇಬೇಕಾಗುತ್ತೆ ಮೇಷ್ಟ್ರೇ. ಬೆಳಗಿನ ಪಾಳಿ ಕೊಡ್ತಾರೋ ಇಲ್ವೋ ಹೇಳೋಕಾಗಲ್ಲ."

"ಬರೀರಿ ಸಾರ್."

ಭಾವಮೈದ ಹತ್ತಿರ ಬಂದಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಹದಿನಾಲ್ಕು ವರ್ಷ ತನ್ನ ಮನೆಯಲ್ಲಿ ಉಂಡು ತಿಂದ ಯಾರನ್ನೋ ಹೊಸದಾಗಿ ನೋಡುತ್ತಿರುವ ಪೆಚ್ಚುತನವಿತ್ತು. ಅಕ್ಕನಿಗೆ ಇವನು ಸಂಜೆಯೇ ಹೇಳುತ್ತಾನೆ, ಮಗಳಿಗೂ ತಿಳಿಯುತ್ತದೆ, ನಾಳೆ ಬೆಳಿಗ್ಗೆ ತರಗತಿಯ ಬಾಗಿಲಲ್ಲೇ ಅಣಕ ಶುರುವಾಗುತ್ತದೆ. "ಭಾವ," ಎಂದ ಭಾವಮೈದ, ಯಾರಿಗೂ ಕೇಳಿಸಬಾರದು ಎಂಬಂತೆ ಧ್ವನಿ ತಗ್ಗಿಸಿ, "ನೀವು ನಿಜವಾಗ್ಲೂ ಮಾತಾಡೋದೇ ಹೀಗಾ?"

'ಯಾಕೆ' ಇನ್ನೂ ನಿಂತೇ ಇದ್ದಳು, ಅವನ ಬಾಯಿಯನ್ನೇ ನೋಡುತ್ತ. ಅವನ ಕೈ ಅಭ್ಯಾಸದಂತೆ ಮೇಲೆದ್ದು ಬಾಯಿಯ ಹತ್ತಿರ ಹೋಯಿತು, ಉಸಿರು ತಾಗುತ್ತದೆಯೋ ಇಲ್ಲವೋ ನೋಡಿಕೊಳ್ಳಲು. ಅದನ್ನು ಇಳಿಸಿ ಮೇಜಿನ ಮೇಲಿಟ್ಟ.

"ಔದು," ಎಂದ. ತಿದ್ದಿಕೊಳ್ಳಲಿಲ್ಲ.